ಎಡಕ್ಕೆ ಎಳೆದ ವಿಮಾನ

ಸುಳ್ಳು ಹೇಳಿದವಳು ನಾನು. ನಮ್ಮ ಚಿಕ್ಕಪ್ಪನ ಎಡಗೈ ನಡುಗುತ್ತಿರಲಿಲ್ಲ. ಅದು ನಡುಗುತ್ತದೆ ಎಂದು ಅವನಿಗೆ ಹೇಳಿದವಳು ನಾನು. ಹೇಳಿದ್ದಷ್ಟೇ ಅಲ್ಲ, ಕಣ್ಣೆದುರೇ ಮಾಡಿ ತೋರಿಸಿ ನಂಬಿಸಿದವಳೂ ನಾನೇ. ಆಗ ನನಗೂ ತಿಳಿದಿರಲಿಲ್ಲ, ಆಮೇಲೆ ಗೊತ್ತಾಯಿತು ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು — ಒಮ್ಮೆ ಅಮ್ಮನ ಹತ್ತಿರ ಹಾಗೆ ಹೇಳಿಯೂ ಇದ್ದೇನೆ. ಇಲ್ಲಿ ಹಾಗೆ ಬರೆಯುವುದಿಲ್ಲ. ಅವತ್ತೇ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು.

ಚಿಕ್ಕಪ್ಪ ಎಂದರೆ ಅಪ್ಪನ ತಮ್ಮ ನಾಗರಾಜ. ನಮ್ಮ ಮನೆಯಲ್ಲಿ ಯಾರೂ ಅವನಿಗೆ ಬಹುವಚನ ಹಚ್ಚಿದವರಲ್ಲ, ಅವನಿಗೂ ಅದು ಬೇಕಿರಲಿಲ್ಲ. ಊರು ಶಿಡ್ಲಘಟ್ಟ. ಅಪ್ಪ ಶಾಲೆಯಲ್ಲಿ ಮೇಷ್ಟ್ರು. ಚಿಕ್ಕಪ್ಪ ಓದು ತಲೆಗೆ ಹತ್ತದೆ ಸ್ಟಿಯರಿಂಗ್ ಹಿಡಿದವನು. ಅವನು ಓಡಿಸುತ್ತಿದ್ದದ್ದು ಗೂಡಿನ ಟೆಂಪೊ. ಗೂಡು ಎಂದರೆ ನಮ್ಮ ಕಡೆ ರೇಷ್ಮೆ ಗೂಡೇ, ಬೇರೆ ಅರ್ಥವಿಲ್ಲ. ಮಂಡಿಕಲ್ ಸುತ್ತಿನ ಹಳ್ಳಿಗಳಲ್ಲಿ ರೈತರ ಮೂಟೆಗಳನ್ನು ಹೇರಿಕೊಂಡು, ಬಿಸಿಲೇರುವ ಮೊದಲು ನಮ್ಮೂರ ಮಾರುಕಟ್ಟೆ ಬಾಗಿಲಿಗೆ ತಂದು ನಿಲ್ಲಿಸಬೇಕು. ಮೂಟೆಗಳ ನಡುವೆ ರೈತರೂ ಒತ್ತರಿಸಿಕೊಂಡು ಕೂತಿರುತ್ತಿದ್ದರು. ತಾನು ಬ್ರೇಕ್ ಹಾಕಿದರೆ ಒಂದು ಗೂಡೂ ಅಪ್ಪಚ್ಚಿಯಾಗುವುದಿಲ್ಲ, ಹಿಂದೆ ಕೂತವರ ನಿದ್ದೆಯೂ ಕೆಡುವುದಿಲ್ಲ ಎಂದು ಅವನು ಕೊಚ್ಚಿಕೊಳ್ಳುತ್ತಿದ್ದ. ಕೊಚ್ಚಿಕೊಂಡರೂ ಅದು ನಿಜವಾಗಿತ್ತು.

ಟೆಂಪೊ ಅವನದಲ್ಲ, ಗೌಸ್ ಸಾಹೇಬರದು. ಸಾಹೇಬರಿಗೆ ನೂಲು ಬಿಚ್ಚುವ ಘಟಕವೊಂದಿತ್ತು, ಜೊತೆಗೆ ಬಾಡಿಗೆಗೆ ಓಡುವ ಈ ಗಾಡಿ. ಒಂದು ಬೆಳಿಗ್ಗೆ ಎಂಜಿನ್ ಏನೋ ಕಿರುಗುಟ್ಟುತ್ತಿದೆ ಎಂದು ಚಿಕ್ಕಪ್ಪ ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಾಗಲೇ ಕೈಯಿಟ್ಟ. ಫ್ಯಾನ್ ಬೆಲ್ಟ್ ಅವನ ಎಡಗೈಯ ಎರಡು ಬೆರಳುಗಳನ್ನು ಕಿತ್ತುಕೊಂಡಿತು — ಕಿರುಬೆರಳು, ಅದರ ಪಕ್ಕದ್ದು. ಉಳಿದದ್ದು ಹೆಬ್ಬೆರಳು, ತೋರುಬೆರಳು, ನಡುಬೆರಳು. ಗೇರು ಹಾಕುವ ಕೈ ಅದು.

ಸಾಹೇಬರು ಒಳ್ಳೆಯವರು. ಗೌರಿಬಿದನೂರಿನ ಒಬ್ಬ ಡ್ರೈವರನ್ನು ತಾತ್ಕಾಲಿಕವಾಗಿ ಹಾಕಿಕೊಂಡರು. ಯುಗಾದಿವರೆಗೂ ಕಾಯುತ್ತೇನೆ, ಗಾಡಿ ನಿನ್ನದೇ, ಆಗುವುದಿಲ್ಲ ಎಂದಾದರೆ ಮಾತ್ರ ಬಾಯಿಬಿಟ್ಟು ಹೇಳು ಎಂದರು. ಟೆಂಪೊದ ಇನ್ನೊಂದು ಕೀಲಿಕೈ ಚಿಕ್ಕಪ್ಪನ ಹತ್ತಿರವೇ ಇರಲಿ ಎಂದು ಬಿಟ್ಟರು. ಅವನು ಅದನ್ನು ಸೊಂಟದ ಉಡಿದಾರಕ್ಕೆ ಕಟ್ಟಿಕೊಂಡು ಓಡಾಡುತ್ತಿದ್ದ. ಸ್ನಾನ ಮಾಡುವಾಗಲೂ ಬಿಚ್ಚುತ್ತಿರಲಿಲ್ಲ ಎಂದು ಅಮ್ಮ ಛೇಡಿಸುತ್ತಿದ್ದರು.

ಗಾಯ ಮಾಯ್ದಿತು. ಆದರೆ ಗಾಡಿ ಹತ್ತಲು ಮಾತ್ರ ಅವನಿಗೆ ಧೈರ್ಯ ಬರಲಿಲ್ಲ. ತನಗೇನಾದರೂ ಆದೀತೆಂಬ ಹೆದರಿಕೆಯಲ್ಲ, ಹಿಂದೆ ಮೂಟೆಗಳ ನಡುವೆ ಕೂತವರ ಹೆದರಿಕೆ. ಇಳಿಜಾರಿನಲ್ಲಿ ಗೇರು ಜಾರಿದರೆ — ಅಲ್ಲಿಗೇ ಅವನ ಮಾತು ನಿಲ್ಲುತ್ತಿತ್ತು, ಮುಂದಕ್ಕೆ ಹೇಳುತ್ತಿರಲಿಲ್ಲ.

ಅದೇ ದಿನಗಳಲ್ಲಿ ನಮ್ಮ ಮನೆಗೆ ಕಂಪ್ಯೂಟರ್ ತರುವ ಮಾತು ಬಂತು. ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಕಂಪ್ಯೂಟರ್ ಡಿಪ್ಲೊಮಾ ಸೇರಿದ್ದೆ. ಕಂಪ್ಯೂಟರ್ ಎಂದರೆ ಬೀದಿಯ ಜನ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದ ಕಾಲ. ಅರ್ಧ ಅಪ್ಪ ಹಾಕಿದರು. ಇನ್ನರ್ಧ ಹಾಕಿದವನು ಚಿಕ್ಕಪ್ಪ, ಸಾಹೇಬರು ಅವನ ಕೈಗೆಂದು ಕೊಟ್ಟ ದುಡ್ಡಿನಲ್ಲಿ. ಇದನ್ನು ಬರೆಯುವಾಗ ನನ್ನ ಪೆನ್ನು ಒಂದು ಗಳಿಗೆ ನಿಂತಿತು — ನಿಲ್ಲಲಿ, ಬರೆದೇ ಬರೆಯುತ್ತೇನೆ. ಅವನ ಬೆರಳಿನ ದುಡ್ಡದು.

ಅವನು ಯಾಕೆ ಹಾಕಿದ ಎಂಬುದಕ್ಕೆ ಹಳೆಯ ಕಥೆಯೊಂದಿದೆ. ನಾನು ಚಿಕ್ಕವಳಿದ್ದಾಗ ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ತಗಡಿನ ಶೆಡ್ಡಿನಲ್ಲೊಂದು ವಿಡಿಯೊ ಗೇಮ್ ಅಂಗಡಿಯಿತ್ತು. ಆಳೆತ್ತರದ ಪೆಟ್ಟಿಗೆಗಳು, ನಾಣ್ಯ ಹಾಕಿದರೆ ಪರದೆ ಬೆಳಗುತ್ತಿತ್ತು, ಕೆಂಪು ಗುಂಡಿನ ಕೋಲು ಹಿಡಿದು ಆಡಬೇಕು. ವಿಮಾನದ ಆಟದಲ್ಲಿ ಚಿಕ್ಕಪ್ಪನನ್ನು ಮೀರಿಸುವವರಿರಲಿಲ್ಲ. ಅವನು ಆಡಲು ನಿಂತರೆ ಮಿಕ್ಕವರು ತಮ್ಮ ಆಟ ಬಿಟ್ಟು ಹಿಂದೆ ಬಂದು ನಿಲ್ಲುತ್ತಿದ್ದರು. ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ನನ್ನ ಕೈಯ ಮೇಲೆ ತನ್ನ ಕೈಯಿಟ್ಟು ಆಡಲು ಕಲಿಸಿದವನು ಅವನೇ. ಆಟದ ಹುಚ್ಚು ನನಗೆ ಹಿಡಿದದ್ದೂ ಅವನಿಂದಲೇ. ಶಾಲೆಗೆ ಚಕ್ಕರ್ ಹೊಡೆಸಿ ಹುಡುಗಿಯನ್ನು ಆ ಶೆಡ್ಡಿಗೆ ಕರೆದುಕೊಂಡು ಹೋಗುತ್ತಾನೆಂದು ಅಮ್ಮ ಅವನ ಮೇಲೆ ಕೆಂಡ ಕಾರುತ್ತಿದ್ದರು.

ಕಂಪ್ಯೂಟರಿನಲ್ಲೂ ಅಂಥ ಕೋಲು ಸಿಗುತ್ತದೆ, ಅಂಥ ವಿಮಾನ ಹಾರಿಸಬಹುದು ಎಂದು ನಾನೇ ಅವನಿಗೆ ಹೇಳಿದ್ದು. ಅವನ ಮುಖ ಅರಳಿತು. ಆಮೇಲೆ ಹತ್ತಿರ ಬಂದು, ಮನೆಯಲ್ಲಿ ಇನ್ಯಾರಿಗೂ ಹೇಳದ ಮಾತನ್ನು ನನಗೆ ಹೇಳಿದ.

"ಪಾಪಾ, ಕೋಲು ಗೇರಿದ್ದಂಗೇ ಅಲ್ವ? ಎಡಗೈಲಿ ವಿಮಾನನ ನೆಟ್ಟಗೆ ಹಾರಿಸ್ದೆ ಅಂದ್ರೆ ಗೇರೂ ಹಾಕ್ತೀನಿ. ಅಲ್ಲಿ ಬಿದ್ರೂ ಯಾರ್ಗೂ ಗಾಯ ಆಗಲ್ಲ ನೋಡು. ನೆಟ್ಟಗೆ ಹೋದ್ರೆ ಸಾಹೇಬ್ರಿಗೆ ಹೂಂ ಅಂತೀನಿ, ಇಲ್ಲಾಂದ್ರೆ ಇಲ್ಲ."

ಪಾಪಾ ಎಂದು ಅವನೊಬ್ಬನೇ ಕರೆಯುತ್ತಿದ್ದ, ತೆಲುಗಿನ ಪಾಪಾ. ಡಿಪ್ಲೊಮಾಗೆ ಹೋಗುವ ಹುಡುಗಿಯನ್ನು ಹಾಗೆ ಕರೆಯಬೇಡ ಎಂದರೂ ಬಿಡುತ್ತಿರಲಿಲ್ಲ.

ಹೀಗಿರುವಾಗ ನನಗೆ ಗೊತ್ತಿರಲಿಲ್ಲ ಎಂದು ಹೇಗೆ ಹೇಳಲಿ? ಆ ಕೋಲಿನ ಮೇಲೆ ಏನು ನಿಂತಿದೆ ಎಂಬುದು ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಬೆಂಗಳೂರಿಗೆ ಹೋದದ್ದು ಅಪ್ಪ, ನಾನು. ಚಿಕ್ಕಪ್ಪನಿಗೆ ಅವತ್ತು ಆಸ್ಪತ್ರೆಗೆ ಹೋಗಿ ಕೈ ತೋರಿಸುವುದಿತ್ತು. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು, ಏನಾದರೂ ಹಾಕಿಸಿಕೊ, ಕೋಲು ಒಂದು ಸರಿಯಾಗಿರಲಿ ಎಂದ. ಅವನು ಕೇಳಿದ್ದು ಅಷ್ಟೇ.

ಆಗೆಲ್ಲ ಕಂಪ್ಯೂಟರನ್ನು ಬಿಡಿಬಿಡಿಯಾಗಿ ಆರಿಸಿ ಜೋಡಿಸಿಕೊಳ್ಳುತ್ತಿದ್ದರು. ಎಸ್.ಪಿ. ರಸ್ತೆಯ ಇಕ್ಕಟ್ಟಿನ ಅಂಗಡಿಯಲ್ಲಿ ಅಂಗಡಿಯವರು ಮೊದಲು ಕೇಳಿದ್ದೇ, ಏನು ಆಟ ಆಡುತ್ತೀರಿ ಹೇಳಿ, ಅದಕ್ಕೆ ತಕ್ಕ ಹಾಗೆ ಜೋಡಿಸುತ್ತೇನೆ ಎಂದು. ಓದಿಗೆ ಎಂದು ಅಪ್ಪ ಗಂಭೀರವಾಗಿ ಹೇಳಿದರು. ಅವರು ನಕ್ಕರು, ನಾನೂ ನಕ್ಕೆ. ಅಪ್ಪ ಕಾಫಿ ಕುಡಿದು ಬರುತ್ತೇನೆಂದು ಹೊರಗೆ ಹೋದರು.

ಆಗ ನಾನು ಎರಡು ಆಟಗಳ ಹೆಸರು ಹೇಳಿದೆ. ಒಂದು ಚಿಕ್ಕಪ್ಪನ ವಿಮಾನದ್ದು. ಇನ್ನೊಂದು ಕಾರ್ ರೇಸಿನದ್ದು, ನನ್ನದು. ಅದನ್ನು ನಾನು ತರಬೇತಿ ಕೇಂದ್ರದಲ್ಲಿ ಒಂದೇ ಒಂದು ಸಲ ನೋಡಿದ್ದೆ — ಮಳೆ ಬಿದ್ದ ರಸ್ತೆಯಲ್ಲಿ ಕಾರಿನ ದೀಪ ಹೊಳೆಯುವುದನ್ನು ನೋಡಿ ಬಾಯಿ ತೆರೆದುಕೊಂಡು ನಿಂತುಬಿಟ್ಟಿದ್ದೆ. ಅಲ್ಲಿಂದ ಮುಂದೆ ಊಟದಲ್ಲೂ ಅದೇ, ನಿದ್ದೆಯಲ್ಲೂ ಅದೇ. ಅಂಗಡಿಯವರು ಗಾಜಿನ ಮೇಜಿನ ಮೇಲೆ ಎರಡು ಕಾರ್ಡುಗಳನ್ನು ಇಟ್ಟರು. ರೇಸಿಗೆ ಚಿತ್ರ ಮೂಡಿಸುವ ಈ ತ್ರೀಡಿ ಕಾರ್ಡು ಬೇಕು, ಇದಿಲ್ಲದೆ ಅದು ತೆವಳುತ್ತದೆ. ವಿಮಾನಕ್ಕೆ ಇದೇನೂ ಬೇಡ, ಆದರೆ ಸೌಂಡ್ ಕಾರ್ಡು ಬೇಕು. ನೀವು ತಂದ ದುಡ್ಡಿಗೆ ಎರಡರಲ್ಲಿ ಒಂದೇ ಬರುತ್ತದೆ ಎಂದರು.

ಶಬ್ದವಿಲ್ಲದೆಯೂ ವಿಮಾನ ಹಾರುತ್ತದಲ್ಲ ಎಂದೆ. ಅವರು ಸೌಂಡ್ ಕಾರ್ಡನ್ನು ತಿರುಗಿಸಿ ಅದರ ಹಿಂದಿನ ಅಗಲವಾದ ಕಿಂಡಿಯನ್ನು ತೋರಿಸಿದರು. ಕೋಲು ಸಿಕ್ಕಿಸುವುದು ಇದಕ್ಕೇ. ಶಬ್ದಕ್ಕೂ ಕೋಲಿಗೂ ಏನು ಸಂಬಂಧವೆಂದು ಯಾರಿಗಾದರೂ ಅನ್ನಿಸುತ್ತದೆ; ಆದರೆ ಆ ಕಾಲದ ಕಂಪ್ಯೂಟರುಗಳಲ್ಲಿ ಕೋಲಿನ ಕಿಂಡಿ ಇರುತ್ತಿದ್ದದ್ದು ಸೌಂಡ್ ಕಾರ್ಡಿನ ಬೆನ್ನಿನಲ್ಲೇ.

ಬೇರೆ ದಾರಿಯೇ ಇಲ್ಲವೇ ಎಂದೆ. ಇದೆ ಎಂದು ಅವರು ಮೂಲೆಯ ಡಬ್ಬದಿಂದ ಹಳೆಯ ಕಾರ್ಡೊಂದನ್ನು ಎತ್ತಿದರು. ಹಳೆಯ ಕಂಪ್ಯೂಟರುಗಳಿಂದ ಬಿಚ್ಚಿದ್ದು, ಶಬ್ದ ಬರುವುದಿಲ್ಲ, ಕೋಲಿನ ಕಿಂಡಿಯಷ್ಟೇ ಇದೆ, ಪುಕ್ಕಟೆಯೇ ಕೊಡುತ್ತೇನೆ. ಆದರೆ ಕೇಳಿಸಿಕೊಳ್ಳಿ ಎಂದು ಅವರು ಬಿಡಿಸಿ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ಇದು ನಿಧಾನದ ಮಿಷಿನ್‌ಗೆ ಮಾಡಿದ್ದು ಮೇಡಂ. ನಿಮ್ಮ ಪ್ರೊಸೆಸರ್ ಸ್ಪೀಡಿಗೆ ಕೋಲು ನಿಲ್ಲಲ್ಲ, ಒಂದೇ ಕಡೆ ಎಳೀತದೆ. ಎಷ್ಟು ನೆಟ್ಟಗೆ ಹಿಡಿದ್ರೂ ಎಳೀತದೆ. ಆಮೇಲೆ ಬಂದು ನನ್ನ ಬೈಬಾರ್ದು."

ಬೈಯುವುದಿಲ್ಲ ಎಂದೆ. ತ್ರೀಡಿ ಕಾರ್ಡು ಹಾಕಿ, ಈ ಹಳೆಯದನ್ನೂ ಸಿಕ್ಕಿಸಿಕೊಡಿ ಎಂದೆ. ಅಪ್ಪ ಕಾಫಿ ಕುಡಿದು ಬಂದು, ಎಲ್ಲ ಆಯಿತೇ ಎಂದರು. ಆಯಿತು ಎಂದೆ. ಅಷ್ಟು ಸಲೀಸಾಗಿ ಮುಗಿದುಹೋಯಿತು.

ಕಂಪ್ಯೂಟರ್ ಮನೆಗೆ ಬಂದ ದಿನ ಹಬ್ಬ. ಅಮ್ಮ ಮಾನಿಟರಿಗೆ ಅರಿಶಿನ ಕುಂಕುಮವಿಟ್ಟು ಊದುಬತ್ತಿ ಬೆಳಗಿದರು. ಹೊಸ ಗಾಡಿಯ ಚಕ್ರಕ್ಕೆ ಇಡುವಂತೆ ಇದರ ಅಡಿಯಲ್ಲೂ ನಿಂಬೆಹಣ್ಣು ಇಡಬೇಕು ಎಂದು ಚಿಕ್ಕಪ್ಪ ಹಠ ಹಿಡಿದ. ಇದಕ್ಕೆ ಚಕ್ರ ಎಲ್ಲಿದೆಯೋ ಎಂದು ಅಪ್ಪ ರೇಗಿದರು. ಕೊನೆಗೆ ಅವನು ಮೌಸನ್ನು ತಿರುವಿ ಅದರ ಹೊಟ್ಟೆಯಲ್ಲಿದ್ದ ಗುಂಡನ್ನು ತೋರಿಸಿ, ಇದೇ ಚಕ್ರ ಎಂದು ಅದರ ಪಕ್ಕದಲ್ಲೇ ಒಂದು ನಿಂಬೆಹಣ್ಣನ್ನು ಇಟ್ಟ. ಎಲ್ಲರೂ ನಕ್ಕೆವು. ಆ ನಗುವಿನಲ್ಲಿ ನಾನೂ ಇದ್ದೆ, ಎಲ್ಲ ಗೊತ್ತಿದ್ದೂ ಇದ್ದೆ.

ಅವನು ಕೋಲು ಹಿಡಿದು ಕೂತ. ಸೌಂಡ್ ಕಾರ್ಡಿಲ್ಲದ ಕಂಪ್ಯೂಟರ್ ಮೂಗ. ಶಬ್ದಕ್ಕೆ ಬೇರೆ ಕಾರ್ಡು ಬೇಕು, ಮುಂದೆ ಹಾಕಿಸೋಣ ಎಂದು ನಾನು ಹೇಳಿದ್ದೆ. ಅದಕ್ಕೇನಂತೆ ಎಂದು ಅವನು ಬಾಯಲ್ಲೇ ಎಂಜಿನ್ ಶಬ್ದ ಮಾಡತೊಡಗಿದ. ವಿಮಾನದ್ದಲ್ಲ, ಟೆಂಪೊದ್ದು. ಮೊದಲ ಗೇರು, ಎರಡನೆಯ ಗೇರು — ಗೇರು ಬದಲಾದಾಗ ಶಬ್ದವೂ ಬದಲಾಗುತ್ತಿತ್ತು. ವಿಮಾನ ಮೇಲೆದ್ದಿತು. ಮೇಲೆದ್ದು, ಎಡಕ್ಕೆ ವಾಲಿತು. ಅವನು ಬಲಕ್ಕೆ ಎಳೆದ. ಸರಿಹೋಯಿತು, ಮತ್ತೆ ಎಡಕ್ಕೆ ವಾಲಿತು, ಬಿದ್ದಿತು.

ಮೊದಲಿಗೆ ಅವನು ನಕ್ಕ. ಅಭ್ಯಾಸ ತಪ್ಪಿದೆ ಎಂದ. ದಿನವೂ ಕೆಲಸಕ್ಕೆ ಹೋಗುವವನಂತೆ ತಲೆ ಬಾಚಿಕೊಂಡು ಬಂದು ಕೂರುತ್ತಿದ್ದ. ಕೋಲನ್ನು ಮೂರು ಬೆರಳಿನಲ್ಲಿ ಬಗೆಬಗೆಯಾಗಿ ಹಿಡಿದು ನೋಡಿದ. ಟವೆಲ್ ಸುತ್ತಿ ಹಿಡಿದು ನೋಡಿದ. ಮೊಣಕೈಗೆ ದಿಂಬು ಕೊಟ್ಟು ನೋಡಿದ. ಬರಬರುತ್ತಾ ಎಂಜಿನ್ ಶಬ್ದ ನಿಂತಿತು. ಬಾಯಿ ಮುಚ್ಚಿಕೊಂಡು ಆಡುತ್ತಿದ್ದ. ನಾನು ಪಕ್ಕದಲ್ಲಿ ಕೂತು ನನ್ನ ಸರದಿಗೆ ಕಾಯುತ್ತಿದ್ದೆ. ಅವನೆದ್ದರೆ ನನ್ನ ರೇಸು. ನನ್ನ ರೇಸಿಗೆ ಕೋಲು ಬೇಕಾಗಿರಲಿಲ್ಲ, ಕೀಬೋರ್ಡಿನ ಬಾಣದ ಕೀಗಳೇ ಸಾಕಿತ್ತು.

ಯುಗಾದಿ ಹತ್ತಿರ ಬಂತು. ಒಂದು ಮಧ್ಯಾಹ್ನ ಅವನು ಬಲಗೈಯಲ್ಲಿ ಆಡಿ ನೋಡಿದ. ಅಲ್ಲೂ ವಿಮಾನ ಎಡಕ್ಕೇ ವಾಲಿತು. ಅವನು ಕೋಲನ್ನು ಬಿಟ್ಟು ನನ್ನ ಕಡೆ ತಿರುಗಿದ.

ಬಲಗೈಯಲ್ಲೂ ಎಳೆಯುತ್ತದಲ್ಲ, ಇದು ಮಿಷಿನ್ನಿನದೋ, ನನ್ನ ಕೈಯದೋ, ನಿನಗೆ ಗೊತ್ತಿರುತ್ತದೆ, ನಿಜ ಹೇಳು ಎಂದು ಕೇಳಿದ. ಹೌದು, ಹಾಗೇ ಕೇಳಿದ — ನಿಜ ಹೇಳು ಎಂದೇ.

ಮಿಷಿನ್ನಿನದು ಎಂದಿದ್ದರೆ ಪೆಟ್ಟಿಗೆ ಬೆಂಗಳೂರಿಗೆ ವಾಪಸ್ ಹೋಗುತ್ತಿತ್ತು. ತ್ರೀಡಿ ಕಾರ್ಡು ಹೋಗಿ ಸೌಂಡ್ ಕಾರ್ಡು ಬರುತ್ತಿತ್ತು. ನನ್ನ ಮಳೆ ಬಿದ್ದ ರಸ್ತೆ ಹೋಗುತ್ತಿತ್ತು. ರಜೆ ಆಗ ತಾನೇ ಶುರುವಾಗಿತ್ತು. ಇದಿಷ್ಟೂ ನನ್ನ ತಲೆಯಲ್ಲಿ ಒಂದೇ ಉಸಿರಿಗೆ ಓಡಿತು. ಅವನ ಟೆಂಪೊ? — ಅದೂ ತಲೆಗೆ ಬಂತು. ಬರಲಿಲ್ಲ ಎಂದರೆ ಇನ್ನೊಂದು ಸುಳ್ಳಾಗುತ್ತದೆ. ಬಂತು, ನಾನು ಅದನ್ನು ಪಕ್ಕಕ್ಕೆ ಸರಿಸಿದೆ.

ಬಲಗೈಗೆ ಅಭ್ಯಾಸವಿಲ್ಲ, ಅದಕ್ಕೆ ಎಂದೆ.

ಹಾಗಾದರೆ ನೀನು ಎಡಗೈಯಲ್ಲಿ ಹಿಡಿದು ತೋರಿಸು ಎಂದ. ನಾನು ಕುರ್ಚಿಯಲ್ಲಿ ಕೂತೆ. ಅವನು ನನ್ನ ಬೆನ್ನ ಹಿಂದೆ ನಿಂತ, ಆ ತಗಡಿನ ಶೆಡ್ಡಿನಲ್ಲಿ ನಿಲ್ಲುತ್ತಿದ್ದ ಹಾಗೆಯೇ. ನಮ್ಮ ಕಂಪ್ಯೂಟರ್ ಮೇಜಿಗೆ ಕೆಳಗೊಂದು ಎಳೆಯುವ ಹಲಗೆಯಿತ್ತು, ಕೀಬೋರ್ಡ್ ಅದರ ಮೇಲಿರುತ್ತಿತ್ತು. ಹಲಗೆಯನ್ನು ಅರ್ಧ ಒಳಗೆ ತಳ್ಳಿದರೆ ಮೇಲಿನಿಂದ ನೋಡುವವರಿಗೆ ಕೀಗಳು ಕಾಣಿಸುವುದಿಲ್ಲ. ನಾನು ತಳ್ಳಿದೆ. ಎಡಗೈಯಲ್ಲಿ ಕೋಲು ಹಿಡಿದೆ. ಬಲಗೈಯನ್ನು ಮೇಜಿನ ಕೆಳಗಿಟ್ಟು ಬಲದ ಬಾಣದ ಕೀಯನ್ನು ಮುಟ್ಟಿಕೊಂಡೆ. ವಿಮಾನ ಎಡಕ್ಕೆ ಎಳೆದಾಗಲೆಲ್ಲ ಕೀ ಒತ್ತಿದೆ — ಮೆಲ್ಲಗೆ, ಸದ್ದಾಗದ ಹಾಗೆ. ವಿಮಾನ ನೆಟ್ಟಗೆ ಹೋಯಿತು. ಗುಡ್ಡಗಳ ಮೇಲೆ, ನದಿಯ ಮೇಲೆ, ನೂಲು ಹಿಡಿದಷ್ಟು ನೆಟ್ಟಗೆ.

"ಮಿಷಿನ್‌ದೇನಿಲ್ಲ ಚಿಕ್ಕಪ್ಪ," ಎಂದೆ. "ನಿನ್ನ ಕೈಯೇ ನಡುಗ್ತದೆ."

ಥೂ, ಆ ದನಿ ನೆನಪಿಗೆ ಬಂದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಅದರಲ್ಲಿ ಕನಿಕರವನ್ನೂ ಬೆರೆಸಿದ್ದೆ.

ಅವನು ಎಡಗೈಯನ್ನು ಮುಂದೆ ಚಾಚಿ ಬಹಳ ಹೊತ್ತು ನೋಡಿಕೊಂಡ. ಕೈ ಅಲುಗುತ್ತಿರಲಿಲ್ಲ. ಕಲ್ಲಿನ ಹಾಗೆ ನಿಂತಿತ್ತು. ಆದರೆ ಅವನು ಆಗಲೇ ನನ್ನ ಮಾತನ್ನು ನಂಬಿದ್ದ, ತನ್ನ ಕಣ್ಣನ್ನು ನಂಬಲಿಲ್ಲ. ನನ್ನ ತಲೆ ಸವರಿ, ಒಳ್ಳೆಯದಾಯಿತು ಬಿಡು ಎಂದು ಎದ್ದು ಹೋದ.

ಮಾರನೆಯ ಬೆಳಿಗ್ಗೆ ಉಡಿದಾರದಿಂದ ಕೀಲಿಕೈ ಬಿಚ್ಚಿ ಸಾಹೇಬರ ಮನೆಗೆ ಕೊಂಡುಹೋಗಿ ಕೊಟ್ಟು ಬಂದ. ಗೌರಿಬಿದನೂರಿನವನು ಖಾಯಂ ಆದ. ಚಿಕ್ಕಪ್ಪನನ್ನು ಸಾಹೇಬರು ಕೈಬಿಡಲಿಲ್ಲ. ಘಟಕದಲ್ಲಿ ಗೂಡು ಆರಿಸುವ ಕಡೆ ಹಾಕಿದರು. ಹೆಂಗಸರ ಸಾಲಿನಲ್ಲಿ ಕೂತು ಕಲೆ ಬಿದ್ದ ಗೂಡು, ಅಂಟಿಕೊಂಡ ಜೋಡಿ ಗೂಡು ಬೇರೆ ಮಾಡುವುದು. ಆ ಕೆಲಸದಲ್ಲೇ ಅವನ ತಲೆ ಬೆಳ್ಳಗಾಯಿತು. ಮೊದಲೆಲ್ಲ ಬಸ್ಸು ಹತ್ತಿದರೆ ಡ್ರೈವರ್ ಪಕ್ಕದ ಎಂಜಿನ್ ಮೇಲೇ ಕೂತು ಹರಟುತ್ತಿದ್ದವನು, ಆಮೇಲೆ ಹಿಂದಿನ ಸೀಟಿಗೆ ಹೋಗಿ ಕಿಟಕಿ ಕಡೆ ಮುಖ ಮಾಡಿ ಕೂರುತ್ತಿದ್ದ. ಅದನ್ನು ನಾನು ನೋಡಿದ್ದೇನೆ, ಒಂದೆರಡು ಸಲವಲ್ಲ.

ಆ ರಜೆಯಿಡೀ ನಾನು ಕಾರ್ ಓಡಿಸಿದೆ. ಆಟ ಬೇಸರವಾಯಿತು, ಆಡಲು ಮನಸ್ಸಾಗಲಿಲ್ಲ ಎಂದೆಲ್ಲ ಬರೆದರೆ ಓದುವವರಿಗೆ ಸಮಾಧಾನವಾಗಬಹುದು. ಹಾಗೇನೂ ಆಗಲಿಲ್ಲ. ಆಟ ಬಹಳ ಚೆನ್ನಾಗಿತ್ತು. ಖುಷಿಯಿಂದ ಆಡಿದೆ.

ಕೆಲಸ ಸಿಕ್ಕು ಚಿಂತಾಮಣಿಯ ಶಾಲೆಯೊಂದರಲ್ಲಿ ಕಂಪ್ಯೂಟರ್ ಟೀಚರ್ ಆದ ಮೇಲೆ ಒಂದು ಸೌಂಡ್ ಕಾರ್ಡು ಕೊಂಡೆ. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಅದನ್ನು ಹಾಕಿ, ಅದೇ ಕೋಲು ಸಿಕ್ಕಿಸಿ, ಎರಡು ಬೆರಳು ಮಡಚಿಕೊಂಡು ಎಡಗೈಯಲ್ಲಿ ವಿಮಾನ ಹಾರಿಸಿದೆ. ನೆಟ್ಟಗೆ ಹೋಯಿತು. ಹೋಗೇ ಹೋಗುತ್ತದೆ. ಚಿಕ್ಕಪ್ಪ ಆಗ ಮದುವೆಯಾಗಿ ಕೂಗಳತೆಯಲ್ಲಿ, ಪಕ್ಕದ ಬೀದಿಯಲ್ಲೇ ಬೇರೆ ಮನೆ ಮಾಡಿದ್ದ. ಕರೆಯಬಹುದಿತ್ತು. ನಾನು ಕೋಲನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ.

ಹೇಳದೆ ಉಳಿದದ್ದು ಹೆದರಿಕೆಯಿಂದ ಮಾತ್ರವಲ್ಲ. ಅವನ ಹೊಗಳಿಕೆಯಿಂದ. ಹೌದು, ಅವನು ನನ್ನನ್ನು ಹೊಗಳುತ್ತಿದ್ದ! ಅವನ ಮಾತಿನಲ್ಲೇ ಹೇಳುವುದಾದರೆ, ಮನೆಯವರೆಲ್ಲ ನನಗೆ ಸಮಾಧಾನದ ಮಾತು ಹೇಳಿದರು, ಕೈ ಸರಿಹೋಗುತ್ತದೆ ಎಂದರು. ಈ ಮಗು ಒಬ್ಬಳೇ ಮುಖಕ್ಕೆ ಹೊಡೆದ ಹಾಗೆ ನಿಜ ಹೇಳಿದ್ದು, ಇಲ್ಲದಿದ್ದರೆ ಯಾರನ್ನಾದರೂ ಕೊಂದುಬಿಡುತ್ತಿದ್ದೆ — ಹೀಗೆ. ಕಂಡಕಂಡವರ ಹತ್ತಿರ. ನನ್ನ ಮದುವೆಯಲ್ಲಿ ಬೀಗರ ಮುಂದೆಯೂ ಹೇಳಿದ, ನಿಮ್ಮ ಮನೆಗೆ ಬರುತ್ತಿರುವವಳು ಸುಳ್ಳು ಹೇಳುವವಳಲ್ಲ ಎಂದು. ನಾನು ಸೆರಗು ಸರಿಮಾಡಿಕೊಂಡು ತಲೆ ತಗ್ಗಿಸಿದೆ. ನಾಚಿಕೊಂಡಳು ಎಂದುಕೊಂಡರು.

ಅಮ್ಮನ ಹತ್ತಿರ ಒಮ್ಮೆ ಬಾಯಿಬಿಟ್ಟೆ. ಆದರೆ ಅರ್ಧವನ್ನೇ ಬಿಟ್ಟೆ. ಕಾರ್ಡು ಸರಿಯಿರಲಿಲ್ಲವಂತೆ, ಆಮೇಲೆ ಗೊತ್ತಾಯಿತು ಎಂದೆ. ಆಮೇಲೆ ಗೊತ್ತಾದರೆ ನಿನ್ನ ತಪ್ಪೇನು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಅಮ್ಮ ನನ್ನ ಬೆನ್ನು ಸವರಿದರು. ಆ ರಾತ್ರಿ ನೆಮ್ಮದಿಯಾಗಿ ಮಲಗಿದೆ. ಎದ್ದಾಗ ಮೊದಲಿಗಿಂತ ಹೆಚ್ಚು ನಾಚಿಕೆಯಾಯಿತು. ಕದ್ದ ಸಮಾಧಾನ ಅದು.

ಈಚೆಗೆ ನನ್ನ ತವರಿನಲ್ಲೊಂದು ನಾಮಕರಣ. ನನ್ನ ತಮ್ಮನ ಮಗ ಮೊಬೈಲಿನಲ್ಲಿ ಕಾರಿನ ಆಟ ಹಾಕಿ, ತಾತ ನೀನೂ ಆಡು ಎಂದು ಚಿಕ್ಕಪ್ಪನ ಕೈಗೆ ಕೊಟ್ಟ. ಚಿಕ್ಕಪ್ಪ ಅದನ್ನು ಮುಟ್ಟಲಿಲ್ಲ. ತನ್ನ ಕೈ ನಡುಗುತ್ತದೆ, ಬೇಕಿದ್ದರೆ ನಿಮ್ಮತ್ತೆಯನ್ನು ಕೇಳು, ಅವಳೇ ಕಂಡುಹಿಡಿದದ್ದು ಎಂದು ನಕ್ಕ. ಹೋಳಿಗೆಯ ತಟ್ಟೆ ನನ್ನ ಕೈಯಲ್ಲಿತ್ತು. ಅದನ್ನು ಅಲ್ಲೇ ಇಟ್ಟು ಹಿತ್ತಲಿಗೆ ಹೋದೆ. ಸಾಕು ಎನ್ನಿಸಿತು. ಇನ್ನು ಒಂದು ಸಲವೂ ಈ ಹೊಗಳಿಕೆಯನ್ನು ಕೇಳಿಸಿಕೊಳ್ಳಲಾರೆ, ಅವನು ಆ ಮಾತನ್ನು ನಂಬಿಕೊಂಡು ಸಾಯಬಾರದು, ಹೇಳಿಯೇ ಹೇಳುತ್ತೇನೆ — ಇಡಿಯಾಗಿ ಹೇಳುತ್ತೇನೆ ಎಂದು ಗಟ್ಟಿಮಾಡಿಕೊಂಡೆ.

ಕಳೆದ ಭಾನುವಾರ ಅವನ ಮನೆಗೆ ಹೋದೆ. ತವರಿನ ಅಟ್ಟದಿಂದ ಕೋಲನ್ನು ತೆಗೆದು ಚೀಲದಲ್ಲಿಟ್ಟುಕೊಂಡಿದ್ದೆ. ಚಿಕ್ಕಮ್ಮ ಟೀ ಇಡಲು ಒಳಗೆ ಹೋದರು. ಚಿಕ್ಕಪ್ಪ ಜಗಲಿಯ ಮೇಲೆ ಕೂತಿದ್ದ. ನಾನು ಕೋಲನ್ನು ಅವನ ಮುಂದೆ ಇಟ್ಟೆ. ಅರೆ, ಇದನ್ನು ಎಲ್ಲಿಂದ ತಂದೆ ಎಂದು ಅವನ ಮುಖ ಮತ್ತೆ ಅರಳಿತು. ತಡಮಾಡಿದರೆ ಬಾಯಿ ಬರುವುದಿಲ್ಲವೆಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಕೈಯದಲ್ಲ, ಕಾರ್ಡಿನದು. ಅಂಗಡಿಯವರು ಹೇಳಿದ್ದರು. ನನ್ನ ಆಟಕ್ಕೆ ಬೇರೆ ಕಾರ್ಡು ಬೇಕಾಗಿತ್ತು, ಅದಕ್ಕೆ ನಿನ್ನದನ್ನು ಬಿಟ್ಟೆ.

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನನಗೊಂದು ದಾರಿ ಮಾಡಿಕೊಡಲು ನೋಡಿದ — ಪ್ರೀತಿಯಿಂದಲೇ.

"ಆಮೇಲೆ ಗೊತ್ತಾಯ್ತಾ ಪಾಪಾ ನಿಂಗೆ?"

ಹೂಂ ಎಂದರೆ ಮುಗಿಯುತ್ತಿತ್ತು. ಅಮ್ಮ ಸವರಿದ ಹಾಗೆ ಅವನೂ ಬೆನ್ನು ಸವರುತ್ತಿದ್ದ. ಆ ಹೂಂ ನಾಲಗೆಯ ತುದಿಯವರೆಗೂ ಬಂತು ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ.

"ಇಲ್ಲ ಚಿಕ್ಕಪ್ಪ. ಅವತ್ತೇ ಗೊತ್ತಿತ್ತು."

ಮತ್ತೆ ನೀನು ಹಿಡಿದಾಗ ನೆಟ್ಟಗೆ ಹೋಯಿತಲ್ಲ ಎಂದ. ಇನ್ನೊಂದು ಕೈ ಮೇಜಿನ ಕೆಳಗಿತ್ತು ಎಂದೆ. ಕೀ ಒತ್ತುತ್ತಿದ್ದೆ ಎಂದೆ. ಹೇಗೆಂದು ಜಗಲಿಯ ಅಂಚನ್ನೇ ಮೇಜು ಮಾಡಿಕೊಂಡು ತೋರಿಸಿದೆ. ಅವನು ನನ್ನ ಬಲಗೈಯನ್ನೇ ನೋಡುತ್ತಿದ್ದ.

ಆಮೇಲೆ ತನ್ನ ಎಡಗೈಯನ್ನು ಚಾಚಿದ. ಈಗ ಅದು ಸ್ವಲ್ಪ ನಡುಗುತ್ತದೆ, ವಯಸ್ಸಾಯಿತು. ಹಾಗಾದರೆ ಅವತ್ತು ಈ ಕೈ — ಎಂದು ಶುರುಮಾಡಿದ, ಮುಗಿಸಲಿಲ್ಲ. ಒಳಗೆ ಚಿಕ್ಕಮ್ಮ ಟೀ ಸೋಸುವ ಸದ್ದು ಕೇಳುತ್ತಿತ್ತು.

"ಅವತ್ತೇ ಅಂದಿದ್ರೆ ಚೆನ್ನಾಗಿ ಬೈದು ಬೇರೆ ಕಾರ್ಡ್ ಹಾಕಿಸ್ತಿದ್ದೆ ಕಣಮ್ಮ. ಅಷ್ಟೇ ಆಗ್ತಿದ್ದಿದ್ದು."

ಅದನ್ನು ಅವನು ಕೋಪದಲ್ಲಿ ಹೇಳಲಿಲ್ಲ. ಲೆಕ್ಕ ತಪ್ಪಿದ್ದೆಲ್ಲಿ ಎಂದು ಹುಡುಕಿ ಸಿಕ್ಕ ಮೇಲೆ ಹೇಳುವ ಹಾಗೆ ಹೇಳಿದ. ನಾನು ಕ್ಷಮಿಸು ಎನ್ನಲಿಲ್ಲ. ಹಾಗೆಂದರೆ ಅವನ ಸ್ವಭಾವಕ್ಕೆ ಅವನು ಕ್ಷಮಿಸಿಯೇ ಬಿಡುತ್ತಿದ್ದ. ಅದೂ ಇನ್ನೊಂದು ಬಗೆಯ ಕಳ್ಳತನವಾಗುತ್ತಿತ್ತು. ಈಗ ನೀನು ಹೋಗು ಎಂದ. ಪಾಪಾ ಎನ್ನಲಿಲ್ಲ. ಟೀ ಕುಡಿಯದೆ ಎದ್ದು ಬಂದೆ. ಬೀದಿಯ ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಅವನು ಕೋಲನ್ನು ತೊಡೆಯ ಮೇಲಿಟ್ಟುಕೊಂಡು, ಎಡಗೈಯಲ್ಲಿ ಹಿಡಿದು ಕೂತಿದ್ದ.

ಇದನ್ನು ಬರೆದದ್ದು ಅವನಿಗಾಗಿ ಅಲ್ಲ, ಅವನಿಗೆ ಹೇಳಿ ಆಗಿದೆ. ಅವನು ನನ್ನ ಬಗ್ಗೆ ಹೊಗಳಿದ್ದನ್ನು ಕೇಳಿದವರು ಇದ್ದಾರಲ್ಲ — ನಮ್ಮ ಬೀಗರು, ಘಟಕದ ಹೆಂಗಸರು, ಗೌಸ್ ಸಾಹೇಬರ ಮಕ್ಕಳು, ನನ್ನ ತಮ್ಮನ ಮಗ — ಅವರೆಲ್ಲರಿಗಾಗಿ. ಅವನು ಕೈಲಾಗದೆ ಗಾಡಿ ಬಿಟ್ಟವನಲ್ಲ. ಅವನ ಕೈಯಿಂದ ಗಾಡಿಯನ್ನು ಬಿಡಿಸಿದ್ದು ನಾನು. ಅವರಲ್ಲಿ ಓದಲು ಬಾರದವರಿಗೆ ನಾನೇ ಹೋಗಿ ಹೇಳುತ್ತೇನೆ. ಘಟಕದ ಹೆಂಗಸರಿಂದಲೇ ಶುರುಮಾಡುತ್ತೇನೆ.

ಈ ಭಾನುವಾರ ಮತ್ತೆ ಶಿಡ್ಲಘಟ್ಟದ ಬಸ್ಸು ಹತ್ತುತ್ತೇನೆ. ಅವನು ಮಾತಾಡಿಸಿದರೂ ಹೋಗುತ್ತೇನೆ, ಮಾತಾಡಿಸದಿದ್ದರೂ ಅದರ ಮುಂದಿನ ಭಾನುವಾರ ಹೋಗುತ್ತೇನೆ. ಚೆನ್ನಾಗಿ ಬೈಯುತ್ತಿದ್ದೆ ಎಂದನಲ್ಲ, ಆ ಬೈಗುಳವನ್ನು ಅವನು ನನಗೆ ಇನ್ನೂ ಬೈದಿಲ್ಲ. ಅದು ನನಗೆ ಬರಬೇಕಾದದ್ದು. ಜಗಲಿಯ ಮೇಲೆ ಕೂತು ಅದನ್ನು ಪೂರ್ತಿ ಕೇಳಿಸಿಕೊಂಡು ಬರುತ್ತೇನೆ.